ಒಂದೇ ಆಸ್ಪತ್ರೆ, ಎರಡು ಚೀಟಿ: ನ್ಯೂರಾಲಜಿ ಮತ್ತು ಸೈಕಿಯಾಟ್ರಿ ವಿಭಾಗಗಳ ಬಗ್ಗೆ ಒಬ್ಬ ತಾಯಿಯ ವಿಮರ್ಶೆ

ಅರಸೀಕೆರೆಯಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೂನ್ ಬಂತೆಂದರೆ ಕಾಲೇಜು ಸೇರುವ ಮಕ್ಕಳು ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ ಹಿಡಿದುಕೊಂಡು ರಸ್ತೆಯವರೆಗೆ ಸಾಲು ನಿಲ್ಲುತ್ತಾರೆ. ಎರಡು ವರ್ಷದ ಹಿಂದೆ ಅಂಥದೇ ಒಂದು ಸೋಮವಾರ ನನ್ನ ಮಗಳು ಲ್ಯಾಮಿನೇಷನ್ ಯಂತ್ರಕ್ಕೂ ಕೌಂಟರಿಗೂ ನಡುವಿನ ಇಕ್ಕಟ್ಟಿನಲ್ಲಿ ಕುಸಿದು ಬಿದ್ದು ಕೈಕಾಲು ಒದರತೊಡಗಿದಳು. ಸಾಲಿನಲ್ಲಿದ್ದ ಒಬ್ಬರು ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಈರುಳ್ಳಿ ತರಲು ಓಡಿದರು. ಎಷ್ಟು ಹೊತ್ತು ನಡೆಯಿತು ಎಂದು ಆಗ ಯಾರಾದರೂ ಕೇಳಿದ್ದರೆ ಅರ್ಧ ಗಂಟೆ ಎಂದು ದೇವರಾಣೆಗೂ ಹೇಳುತ್ತಿದ್ದೆ. ಅಷ್ಟಿರಲಿಲ್ಲ ಎಂದು ಈಗ ಗೊತ್ತು.

ಆ ಸೋಮವಾರದಿಂದ ಇಲ್ಲಿಯವರೆಗೆ ನಾವು ಮೆಟ್ಟಿಲು ಹತ್ತಿದ ಮೂರು ಜಾಗಗಳ ವಿಮರ್ಶೆ ಇದು. ಮೊದಲನೆಯದು ಹತ್ತಿರದ ದೊಡ್ಡ ಊರಿನ ಒಂದು ಖಾಸಗಿ ನ್ಯೂರೋ ಕ್ಲಿನಿಕ್. ಎರಡನೆಯದು ಮತ್ತು ಮೂರನೆಯದು ರೈಲಿನಲ್ಲಿ ಹೋಗಬೇಕಾದ ಊರಿನ ಒಂದು ವೈದ್ಯಕೀಯ ಕಾಲೇಜು ಆಸ್ಪತ್ರೆಯ ನ್ಯೂರಾಲಜಿ (ನರರೋಗ) ಮತ್ತು ಸೈಕಿಯಾಟ್ರಿ (ಮನೋರೋಗ) ವಿಭಾಗಗಳು. ಯಾವುದರ ಹೆಸರನ್ನೂ ಹಾಕುವುದಿಲ್ಲ. ಬೈಯುವುದೂ ಇದೆ, ಹೊಗಳುವುದೂ ಇದೆ. ಮಗಳ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅವಳು ಓದಿ ಎರಡು ಕಡೆ ಅಡ್ಡಗೆರೆ ಎಳೆದಳು. ಆ ಎರಡು ಸಾಲುಗಳು ಇಲ್ಲಿಲ್ಲ.

ಮೊದಲು ಕ್ಲಿನಿಕ್. ವೈದ್ಯರ ಶುಲ್ಕ 700 ರೂಪಾಯಿ, ಇಇಜಿಗೆ (ತಲೆಗೆ ವೈರು ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ಗೆರೆಯಾಗಿ ಬರೆದುಕೊಳ್ಳುವ ಪರೀಕ್ಷೆ) 1,800, ಎಂಆರ್‌ಐಗೆ 7,500. ಜಾಗ ಚೊಕ್ಕಟವಾಗಿತ್ತು, ಕುರ್ಚಿಗಳಿದ್ದವು, ಟೋಕನ್ ಕರೆಯುವ ಹುಡುಗಿ ನಗುಮುಖದವಳು. ವೈದ್ಯರು ಎರಡು ಪ್ರಶ್ನೆ ಕೇಳಿದರು: ನಾಲಿಗೆ ಕಚ್ಚಿಕೊಂಡಳೇ, ಬಟ್ಟೆಯಲ್ಲಿ ಮೂತ್ರವಾಯಿತೇ? ಎರಡಕ್ಕೂ ಇಲ್ಲ ಎಂದೆವು. ಫಿಟ್ಸ್ ಎಂದು ಬರೆದರು. ಎಂಆರ್‌ಐ ನಾರ್ಮಲ್ ಬಂತು, ಅರ್ಧ ಗಂಟೆಯ ಇಇಜಿಯೂ ನಾರ್ಮಲ್ ಬಂತು. ‘ನಾರ್ಮಲ್ ಬಂದ ಮಾತ್ರಕ್ಕೆ ಫಿಟ್ಸ್ ಇಲ್ಲ ಎಂದಲ್ಲ’ ಎಂದರು. ಈ ಮಾತು ಸರಿಯಾದದ್ದೇ. ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ, ಇರುವವರಿಗೂ ಎರಡು ಸೆಳೆತಗಳ ನಡುವೆ ತೆಗೆದ ಇಇಜಿ ನಾರ್ಮಲ್ ಬರಬಹುದು ಎಂದು ಆಮೇಲೆ ಬೇರೆ ವೈದ್ಯರೂ ಹೇಳಿದರು. ಆದ್ದರಿಂದ ಮೊದಲ ದಿನದ ತೀರ್ಮಾನಕ್ಕೆ ನಾನು ಅವರನ್ನು ದೂರುವುದಿಲ್ಲ. ನನ್ನ ದೂರು ಅನಂತರದ ಹದಿನಾಲ್ಕು ತಿಂಗಳಿನದು. ನಾವು ಹೋದಾಗಲೆಲ್ಲ ‘ಮತ್ತೆ ಬಂತೇ?’ ಎಂದು ಕೇಳುವುದು, ‘ಬಂತು’ ಎಂದರೆ ಮಾತ್ರೆ ಏರಿಸುವುದು. ಲೆವೆಟಿರಸಿಟಮ್ ಎಂಬ ಫಿಟ್ಸಿನ ಮಾತ್ರೆ 500 ಇದ್ದದ್ದು 750 ಆಯಿತು, 1000 ಆಯಿತು, ಜೊತೆಗೆ ಕ್ಲೋಬಜಾಮ್ ಎಂಬ ಇನ್ನೊಂದು ಮಾತ್ರೆ ಬಂತು. ಬರುವುದು ಹೇಗೆ ಬರುತ್ತದೆ, ಕಣ್ಣು ತೆರೆದಿರುತ್ತದೋ ಮುಚ್ಚಿರುತ್ತದೋ ಎಂದು ಒಂದು ದಿನವೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದು ನಮಗೆ ತಿಳಿದಿರಲಿಲ್ಲ.

ತಿಂಗಳಿಗೆ ಒಂದು ಬರುತ್ತಿದ್ದದ್ದು ವಾರಕ್ಕೆ ನಾಲ್ಕೈದಾಯಿತು. ಎತ್ತರದ ದನಿಯಲ್ಲಿ ಮಾತಾಡದ ಹುಡುಗಿ ಒಂದು ಬೆಳಿಗ್ಗೆ ಟಿಫನ್ ಡಬ್ಬಿಯನ್ನು ಗೋಡೆಗೆ ಎಸೆದಳು. ಹುಳಿಯ ಕಲೆ ಇನ್ನೂ ಇದೆ, ಸುಣ್ಣ ಹೊಡೆದರೂ ಹೋಗಲಿಲ್ಲ. ಅಪ್ಪನಿಲ್ಲದ ಮಗು, ದುಃಖ ಸಿಟ್ಟಾಗಿದೆ ಎಂದುಕೊಂಡೆ. (ನನ್ನ ಯಜಮಾನರು ಅವಳು ಮೊದಲ ಸಲ ಬಿದ್ದದ್ದಕ್ಕೆ ಹಿಂದಿನ ನವೆಂಬರಿನಲ್ಲಿ ತೀರಿಕೊಂಡಿದ್ದರು. ಮಲಗಿದ್ದವರು ಏಳಲಿಲ್ಲ. ಕಾಫಿ ಹಿಡಿದು ಎಬ್ಬಿಸಲು ಹೋದವಳು ಇವಳೇ.) ಆಮೇಲೆ ಅನುಮಾನ ಬಂದು, ಮೆಡಿಕಲ್ ಅಂಗಡಿಯವರ ಡಬ್ಬಿಯಲ್ಲಿದ್ದ ಲೆವೆಟಿರಸಿಟಮ್ ಮಾತ್ರೆಯ ಕರಪತ್ರವನ್ನು ಕೇಳಿ ತಂದೆ. ಇರುವೆ ಸಾಲಿನಂಥ ಅಕ್ಷರ. ನನ್ನದೇ ಯಂತ್ರದಲ್ಲಿ ಎರಡು ಪಟ್ಟು ಹಿಗ್ಗಿಸಿಕೊಂಡು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಸಿಟ್ಟು, ಕಿರಿಕಿರಿ ಕೆಲವರಲ್ಲಿ ಆ ಮಾತ್ರೆಯಿಂದಲೇ ಬರಬಹುದು ಎಂದು ಅದರಲ್ಲಿತ್ತು. ಅಪಸ್ಮಾರ ಇರುವವರಿಗೆ ಅದು ಒಳ್ಳೆಯ ಮಾತ್ರೆಯೇ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಅದರಿಂದ ಮೂರು ವರ್ಷವಾಗಿ ಆರಾಮವಾಗಿದ್ದಾನೆ. ಆದರೆ ಹೀಗೂ ಆಗಬಹುದು ಎಂದು ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಕ್ಲಿನಿಕ್ಕಿಗೆ ಐದಕ್ಕೆ ಎರಡು ಅಂಕ. ಒಂದು ಕುರ್ಚಿಗೆ, ಒಂದು ಆ ಹುಡುಗಿಯ ನಗುಮುಖಕ್ಕೆ.

ಈ ನಡುವೆ ನಮ್ಮ ಅತ್ತೆ ಜೇನುಕಲ್ಲು ಬೆಟ್ಟಕ್ಕೆ ಹುಣ್ಣಿಮೆಗೆ ಹತ್ತಿಸುತ್ತೇನೆ ಎಂದು ಹರಕೆ ಹೊತ್ತರು. ಹತ್ತಿಸಿದೆವು. ಬೆಟ್ಟದ ಮೇಲೆ ಏನೂ ಆಗಲಿಲ್ಲ, ಇಳಿದು ಬಸ್ಸಿನಲ್ಲಿ ಕೂತ ಮೇಲೆ ಬಂತು. ‘ದೇವರ ಎದುರು ಬರಲಿಲ್ಲ ನೋಡು’ ಎಂದರು ಅತ್ತೆ. ಆಗ ನನಗೆ ಸಿಟ್ಟು ಬಂದಿತ್ತು.

ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದದ್ದು ಪಕ್ಕದ ಮೊಬೈಲ್ ಅಂಗಡಿಯ ಹುಡುಗನ ಬುದ್ಧಿಯಿಂದ. ಅಂಗಡಿಯ ಸಿಸಿ ಕ್ಯಾಮೆರಾದಲ್ಲಿ ದಾಖಲಾಗಿದ್ದ ಒಂದು ಸೆಳೆತವನ್ನು ಅವನು ನನ್ನ ಫೋನಿಗೆ ಹಾಕಿಕೊಟ್ಟು, ‘ಆಂಟಿ, ಇದನ್ನು ಡಾಕ್ಟರಿಗೆ ತೋರಿಸಿ, ಬಾಯಲ್ಲಿ ಹೇಳಬೇಡಿ’ ಎಂದ. ಆರು ನಿಮಿಷ ಹನ್ನೆರಡು ಸೆಕೆಂಡಿನ ತುಣುಕು. ಎರಡು ವರ್ಷದಲ್ಲಿ ನಮಗೆ ಸಿಕ್ಕ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಪರೀಕ್ಷೆ ಅದೇ.

ನ್ಯೂರಾಲಜಿ ಹೊಸ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇದೆ, ಗ್ರಾನೈಟ್ ನೆಲ, ಬೆಳಿಗ್ಗೆ ಏಳಕ್ಕೇ ಚೀಟಿಯ ಸಾಲು. ನಮ್ಮ ಸರದಿ ಬಂದಾಗ ಹನ್ನೆರಡೂ ಹತ್ತು. ವೈದ್ಯೆ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ವಿಡಿಯೊ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು, ಈ ಸಲ ಧ್ವನಿ ಆರಿಸಿ. ಫೋನ್ ಮೇಜಿನ ಮೇಲಿಟ್ಟು ಮಗಳನ್ನು ಎಬ್ಬಿಸಿ ಪರೀಕ್ಷೆ ಶುರು ಮಾಡಿದರು. ಮಂಡಿಗೆ ಸಣ್ಣ ಸುತ್ತಿಗೆ, ಕಣ್ಣಿಗೆ ಟಾರ್ಚು, ಕಾಲಿನ ಗಂಟಿಗೆ ತಟ್ಟಿದರೆ ಕಂಪಿಸುವ ಶ್ರುತಿಕವೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯುವುದು, ಬೆರಳಿನಿಂದ ಮೂಗು ಮುಟ್ಟುವುದು. ಪ್ರತಿಯೊಂದಕ್ಕೂ ಒಂದು ಕಾರಣವಿತ್ತು ಎಂದು ಅವರ ಜೊತೆಗಿದ್ದ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತಿನಿಂದ ಗೊತ್ತಾಗುತ್ತಿತ್ತು. ನರರೋಗದವರ ಮೊದಲ ಪ್ರಶ್ನೆ ‘ಎಲ್ಲಿ?’ ಎನ್ನುವುದು. ಮೆದುಳಿನಲ್ಲೋ, ಬೆನ್ನುಹುರಿಯಲ್ಲೋ, ನರದಲ್ಲೋ, ಸ್ನಾಯುವಿನಲ್ಲೋ, ಎಡಕ್ಕೋ ಬಲಕ್ಕೋ. ನನ್ನ ಯಂತ್ರ ಕೆಟ್ಟಾಗ ಬರುವ ಮೆಕ್ಯಾನಿಕ್ಕೂ ಹೀಗೆಯೇ ಒಂದೊಂದೇ ಬಾಗಿಲು ತೆರೆದು ಯಾವ ರೋಲರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ನೋಡುತ್ತಾನೆ. ನನಗೆ ಈ ಕ್ರಮ ಹಿಡಿಸಿತು.

ವಿಡಿಯೊ ಇಇಜಿಗೆ ಎರಡು ದಿನ ದಾಖಲಾದಳು. ತಲೆಗೆ ಅಂಟು ಹಚ್ಚಿ ಇಪ್ಪತ್ತೊಂದು ವೈರು, ಮೇಲೊಂದು ಕ್ಯಾಮೆರಾ, ಒಟ್ಟು 14,000 ರೂಪಾಯಿ. ಸೆಳೆತ ಬರಲಿ ಎಂದು ಕಾಯುವುದೇ ಅಲ್ಲಿ ಪರೀಕ್ಷೆ. ಹದಿನಾಲ್ಕು ತಿಂಗಳು ಬರಬಾರದು ಎಂದು ಬೇಡಿಕೊಂಡವಳು ಆ ಎರಡು ದಿನ ಬಂದುಬಿಡಲಿ ಎಂದು ಬೇಡಿಕೊಂಡೆ. ಎರಡನೇ ದಿನ ಸಂಜೆ ಬಂತು.

ಮರುದಿನ ವೈದ್ಯೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಇದು ಎಲ್ಲರೂ ಮಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಪಕ್ಕದಲ್ಲಿ ಮಗಳು ಹಾಸಿಗೆಯಲ್ಲಿ ಒದರಾಡುತ್ತಿದ್ದಾಳೆ, ಇನ್ನೊಂದು ಪಕ್ಕದಲ್ಲಿ ಗೆರೆಗಳು. ಸ್ನಾಯು ಅಲುಗಿದ್ದಕ್ಕೆ ಗೆರೆ ಗೀಚಿದಂತಾಗಿದೆ, ಆದರೆ ಅಪಸ್ಮಾರದಲ್ಲಿ ಮೆದುಳಿನ ಜೀವಕೋಶಗಳು ಒಟ್ಟಿಗೆ ಸಿಡಿದಾಗ ಕಾಣುವ ಚೂಪು ಅಲೆಗಳು ಎಲ್ಲೂ ಇಲ್ಲ. ಒದರಾಟ ನಿಂತ ಕ್ಷಣವೇ ಕಣ್ಣು ಮುಚ್ಚಿ ಎಚ್ಚರವಾಗಿರುವವರ ಸಾಧಾರಣ ಅಲೆ ಬಂದಿದೆ. ನಮ್ಮ ಸಿಸಿ ಕ್ಯಾಮೆರಾದ ತುಣುಕಿನಲ್ಲಿ ಅವರಿಗೆ ಅನುಮಾನ ಹುಟ್ಟಿಸಿದ್ದು ಇವಂತೆ: ಕಣ್ಣು ಬಿಗಿಯಾಗಿ ಮುಚ್ಚಿತ್ತು, ತಲೆ ಅತ್ತಿತ್ತ ಆಡುತ್ತಿತ್ತು, ಒದರಾಟ ನಡುನಡುವೆ ನಿಂತು ಮತ್ತೆ ಶುರುವಾಗುತ್ತಿತ್ತು, ಆರು ನಿಮಿಷ ನಡೆದಿತ್ತು. ಅಪಸ್ಮಾರದ ದೊಡ್ಡ ಸೆಳೆತ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಕಣ್ಣು ತೆರೆದೇ ಇರುತ್ತದೆ. ಒಂದೇ ಗುರುತು ನೋಡಿ ಹೇಳಲಾಗದು, ಅದಕ್ಕೇ ವೈರು ಹಾಕಿದ್ದು ಎಂದರು.

‘ಇದು ಅಪಸ್ಮಾರವಲ್ಲ’ ಎಂದರು. ನಾನು ಬಾಯಿ ತೆರೆಯುವುದರೊಳಗೆ, ‘ನಟನೆಯೂ ಅಲ್ಲ. ಅವಳು ಬೇಕೆಂದು ಮಾಡುತ್ತಿಲ್ಲ, ಬೇಡವೆಂದರೆ ನಿಲ್ಲಿಸಲೂ ಆಗುವುದಿಲ್ಲ’ ಎಂದು ಸೇರಿಸಿದರು. ಫಂಕ್ಷನಲ್ ಸೀಝರ್ ಎಂದು ಹೆಸರು ಬರೆದುಕೊಟ್ಟರು, ಅಂದರೆ ಅಪಸ್ಮಾರದ ಅಲೆಗಳಿಲ್ಲದೆ, ಮೆದುಳು ಕೆಲಸ ಮಾಡುವ ರೀತಿ ತಪ್ಪಿ ಬರುವ ಸೆಳೆತ. ಮಗಳು ಅವತ್ತು ಮೊದಲ ಸಲ ಅತ್ತಳು. ಆ ವೈದ್ಯೆಗೆ ಐದಕ್ಕೆ ಐದು.

ವಿಭಾಗಕ್ಕೆ ಮಾತ್ರ ಮೂರೂವರೆ. ಯಾಕೆಂದರೆ ಬಿಡುಗಡೆಯ ಕಾಗದ ಕೊಡಲು ಬಂದ ಕಿರಿಯ ವೈದ್ಯ ಮೊಗಸಾಲೆಯಲ್ಲಿ, ಹತ್ತು ಜನರ ಎದುರು, ‘ಏನೂ ಇಲ್ಲ ಅಮ್ಮಾ, ಸೈಕಿಯಾಟ್ರಿಗೆ ಬರೆದಿದ್ದೇವೆ’ ಎಂದ. ಲ್ಯಾಮಿನೇಷನ್ ಯಂತ್ರ ತಾಗಿ ಸುಟ್ಟ ಮೊಣಕೈಯನ್ನು ಮಗಳು ದುಪಟ್ಟಾದಿಂದ ಮುಚ್ಚಿಕೊಂಡಳು. ಏನೂ ಇಲ್ಲದಿದ್ದರೆ ಇನ್ನೊಂದು ವಿಭಾಗಕ್ಕೆ ಬರೆಯುವುದು ಯಾಕೆ? ಅವನು ಕೆಟ್ಟವನಲ್ಲ, ರಾತ್ರಿಯೆಲ್ಲ ಎದ್ದಿದ್ದ ಮುಖ. ನಾನು ಕೇಳಿದ್ದಕ್ಕೆ ‘ಹಾರ್ಡ್‌ವೇರ್ ಸರಿಯಿದೆ, ಸಾಫ್ಟ್‌ವೇರ್ ತೊಂದರೆ’ ಎಂದು ಸಮಾಧಾನ ಹೇಳಿದ. ನನ್ನ ಮೆಕ್ಯಾನಿಕ್ ತನಗೆ ಗೊತ್ತಾಗದಾಗ ಹೇಳುವುದೂ ಇದೇ ಮಾತನ್ನು. ಸಮಾಧಾನವಾಗಲಿಲ್ಲ.

ಕಾಗದಗಳನ್ನು ನಕಲು ಮಾಡುವುದು ನನ್ನ ಕಸುಬು, ಆದ್ದರಿಂದ ಕಾಗದ ಓದದೆ ಬಿಡುವುದಿಲ್ಲ. ಕ್ಲಿನಿಕ್ಕಿನ ಬಿಲ್ಲಿನಲ್ಲಿ ಕಾಯಿಲೆಯ ಎದುರು ಜಿ 40 ಎಂದಿತ್ತು. ಈ ಆಸ್ಪತ್ರೆಯ ಕಾಗದದಲ್ಲಿ ಎಫ್ 44.5. ಕೇಳಿದ್ದಕ್ಕೆ ದಾಖಲೆ ವಿಭಾಗದ ಗುಮಾಸ್ತರು ವಿವರಿಸಿದರು: ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ಜಿ ಎಂದರೆ ನರಮಂಡಲದ ಅಧ್ಯಾಯ, ಎಫ್ ಎಂದರೆ ಮನಸ್ಸಿನ ಅಧ್ಯಾಯ. ಒಂದು ರಾತ್ರಿಯಲ್ಲಿ ನನ್ನ ಮಗಳು ಜಿಯಿಂದ ಎಫ್‌ಗೆ ಬಂದಿದ್ದಳು. ಬಿದ್ದ ನೆಲ ಅದೇ, ಒದರಿದ ಕಾಲು ಅದೇ. ಆಲ್ಜೈಮರ್ ಮರೆವಿನ ಕಾಯಿಲೆಗೆ ಆ ಪಟ್ಟಿಯಲ್ಲಿ ಎರಡೂ ಅಕ್ಷರಗಳಿವೆಯಂತೆ, ಜಿ 30 ಮತ್ತು ಎಫ್ 00. ಹಾಗಾದರೆ ಗೋಡೆ ಅಷ್ಟೇನೂ ಗಟ್ಟಿಯಲ್ಲ ಎಂದುಕೊಂಡೆ.

ಗಟ್ಟಿಯಲ್ಲ ಎಂಬುದಕ್ಕೆ ಸಾಕ್ಷಿ ಪಕ್ಕದ ಹಾಸಿಗೆಯಲ್ಲೇ ಇತ್ತು. ಇಪ್ಪತ್ತೆರಡರ ಒಬ್ಬ ಹೆಂಗಸು. ಮದುವೆಯಾಗಿ ಎಂಟು ತಿಂಗಳು. ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟು, ಗೋಡೆಯೊಡನೆ ಮಾತಾಡಿ, ಗಂಡನನ್ನೇ ಗುರುತಿಸದೆ ಹೋದಳಂತೆ. ಮೈಮೇಲೆ ಬಂದಿದೆ ಎಂದು ಒಂದು ವಾರ, ಮಾನಸಿಕ ಎಂದು ಎರಡು ವಾರ. ಆಮೇಲೆ ಫಿಟ್ಸ್ ಬಂದು, ಬಾಯಿ ತಾನಾಗಿ ಆಡತೊಡಗಿ, ಸೈಕಿಯಾಟ್ರಿಯವರೇ ಅನುಮಾನಪಟ್ಟು ನ್ಯೂರಾಲಜಿಗೆ ಕಳಿಸಿದರು. ಬೆನ್ನಿನಿಂದ ನೀರು ತೆಗೆದು ನೋಡಿದಾಗ ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಿತ್ತು. 2007ರಲ್ಲಷ್ಟೇ ವೈದ್ಯಲೋಕ ಸ್ಪಷ್ಟವಾಗಿ ಗುರುತಿಸಿದ ಕಾಯಿಲೆ ಅದು, ಎನ್‌ಎಂಡಿಎ ಎನ್ಸೆಫಲೈಟಿಸ್ ಎಂಬ ಮೆದುಳಿನ ಉರಿಯೂತ. ಕೆಲವು ಹೆಂಗಸರಲ್ಲಿ ಅಂಡಾಶಯದ ಗಡ್ಡೆಯಿಂದ ಶುರುವಾಗುತ್ತದಂತೆ. ಅವಳ ತಾಯಿ, ‘ಹುಚ್ಚಲ್ಲವಂತೆ, ದೇವರು ದೊಡ್ಡವನು’ ಎಂದು ನನ್ನ ಕೈ ಹಿಡಿದರು. ನನ್ನ ಮಗಳು ಅದೇ ಹೊತ್ತಿಗೆ ಅವರು ಬಿಟ್ಟುಬಂದ ಬಾಗಿಲಿನ ಕಡೆಗೆ ಹೊರಟಿದ್ದಳು. ನಾನು ಏನು ಹೇಳಲಿ? ‘ಒಳ್ಳೆಯದಾಯಿತು ಅಕ್ಕಾ’ ಎಂದೆ.

ಸೈಕಿಯಾಟ್ರಿ ಹಳೆಯ ಕಟ್ಟಡದಲ್ಲಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗ ದಾಟಿ, ಒಣಹಾಕಿದ ಹಸಿರು ಬೆಡ್‌ಶೀಟುಗಳ ಕೆಳಗೆ ತಲೆ ತಗ್ಗಿಸಿ ಹೋಗಬೇಕು. ಬೋರ್ಡಿನಲ್ಲಿ ಬಾಣದ ಗುರುತು ಇಲ್ಲ, ಕೇಳಿಕೊಂಡು ಹೋಗಬೇಕು, ಮತ್ತು ಕೇಳಲು ನಾಚಿಕೆಯಾಗುತ್ತದೆ. ಈ ಕಟ್ಟಡ ಯೋಜನೆ ಮಾಡಿದವರಿಗೆ ಸೊನ್ನೆ. ನಾನೂ ಸಾಚಾ ಅಲ್ಲ. ಸೈಕಿಯಾಟ್ರಿಯ ಹಳದಿ ಕಾರ್ಡನ್ನು ನ್ಯೂರಾಲಜಿಯ ನೀಲಿ ಫೈಲಿನೊಳಗೆ ಇಟ್ಟುಕೊಂಡೇ ಮೂರು ತಿಂಗಳು ಓಡಾಡಿದೆ. ಒಮ್ಮೆ ನಮ್ಮೂರಿನ ಪರಿಚಯದವರೊಬ್ಬರು ಅಲ್ಲೇ ಎದುರಾದರು. ‘ನ್ಯೂರೋಗೆ ಬಂದಿದ್ದೆವು’ ಎಂದೆ. ‘ನಾವೂ ಅಲ್ಲಿಗೇ’ ಎಂದರು ಅವರು. ಇಬ್ಬರೂ ನಿಂತಿದ್ದದ್ದು ಸೈಕಿಯಾಟ್ರಿ ಔಷಧದ ಕಿಟಕಿಯ ಮುಂದೆ.

ಚೀಟಿಗೆ 50 ರೂಪಾಯಿ. ಒಳಗೆ ಯಂತ್ರವೇ ಇಲ್ಲ. ಒಂದು ಮೇಜು, ಮೂರು ಕುರ್ಚಿ, ಗೋಡೆ ಗಡಿಯಾರ, ಅದೂ ನಿಂತಿತ್ತು. ಇಷ್ಟು ದೂರ ಬಂದದ್ದು ಇದಕ್ಕೇ ಎನ್ನಿಸಿತು. ಮನೋವೈದ್ಯರು ನನ್ನನ್ನು ಹೊರಗೆ ಕೂರಿಸಿ ಮಗಳೊಡನೆ ಐವತ್ತು ನಿಮಿಷ ಮಾತಾಡಿದರು. ಹೆತ್ತ ತಾಯಿಯನ್ನು ಹೊರಗೆ ಕಳಿಸುವುದೆಂದರೇನು ಎಂದು ಬೆಂಚಿನ ಮೇಲೆ ಕುದಿಯುತ್ತ ಕೂತಿದ್ದೆ. ಆಮೇಲೆ ನನ್ನೊಡನೆ ಇಪ್ಪತ್ತು ನಿಮಿಷ, ಕೊನೆಗೆ ಇಬ್ಬರೊಡನೆ. ನಿದ್ದೆ ಎಷ್ಟು ಗಂಟೆಗೆ ಬಿಡುತ್ತದೆ, ಊಟ ಸೇರುತ್ತದೆಯೇ, ಬರುವುದಕ್ಕೆ ಮುಂಚೆ ಬೆರಳ ತುದಿಯಲ್ಲಿ ಏನಾಗುತ್ತದೆ, ಬಂದು ಹೋದ ಮೇಲೆ ಮನೆಯವರು ಏನು ಮಾಡುತ್ತಾರೆ, ಬದುಕು ಬೇಡ ಎನಿಸಿದೆಯೇ. ಈ ಕೊನೆಯ ಪ್ರಶ್ನೆಯನ್ನು ಊಟದ ಪ್ರಶ್ನೆಯ ದನಿಯಲ್ಲೇ ಕೇಳಿದರು. ರಕ್ತದಲ್ಲಿ ಥೈರಾಯ್ಡ್, ಬಿ12 ನೋಡಲು ಬರೆದುಕೊಟ್ಟರು. ದೇಹವನ್ನು ಇವರು ಮರೆತವರಲ್ಲ.

ಹೊಸ ಕಟ್ಟಡದಲ್ಲಿ ಸುತ್ತಿಗೆ ಇದ್ದರೆ ಇಲ್ಲಿ ಗಾದೆ. ಇದು ನಿಜ, ಅವರ ಪರೀಕ್ಷೆಯಲ್ಲಿ ಗಾದೆಯ ಅರ್ಥ ಹೇಳಿಸುವುದೂ ಒಂದು ಭಾಗ. ಮಾತಿನ ಹಿಂದಿನ ಅರ್ಥವನ್ನು ಹಿಡಿಯುವ ಶಕ್ತಿ ಹೇಗಿದೆ ಎಂದು ನೋಡಲು. ‘ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರೇನಮ್ಮಾ?’ ಎಂದು ಕೇಳಿದರು. ಮಗಳು, ‘ಒದರಾಡಿದ್ದೆಲ್ಲ ಫಿಟ್ಸಲ್ಲ ಸರ್’ ಎಂದಳಂತೆ. ವೈದ್ಯರು ನಕ್ಕದ್ದು ಹೊರಗಿನ ಬೆಂಚಿನವರೆಗೆ ಕೇಳಿಸಿತು. ಒಳಗೆ ಯಾಕೆ ನಗುತ್ತಿದ್ದಾರೆ ಎಂದು ಆಗ ಅದಕ್ಕೂ ಸಿಟ್ಟಾಗಿದ್ದೆ.

ಎರಡು ವಿಭಾಗ ಯಾಕೆ ಬೇರೆಯಾದವು ಎಂಬುದು ನನ್ನ ತಲೆ ತಿಂದ ಪ್ರಶ್ನೆ. ನಮ್ಮ ಅಂಗಡಿಗೆ ನರ್ಸಿಂಗ್ ಓದುವ ಹುಡುಗಿಯರ ಟಿಪ್ಪಣಿಗಳು ನಕಲಿಗೆ ಬರುತ್ತವೆ, ಅವರಿಗೆ ಒಂದು ಪ್ರತಿ, ನನಗೆ ಒಂದು ಓದು. ತಮಾಷೆಯ ವಿಷಯಗಳಿವೆ. ನ್ಯೂರಾಲಜಿಯವರು ದಿನಾ ಬಳಸುವ ಇಇಜಿಯನ್ನು ಮನುಷ್ಯರ ಮೇಲೆ 1924ರಲ್ಲಿ ಮೊದಲು ತೆಗೆದದ್ದು ಜರ್ಮನಿಯ ಹ್ಯಾನ್ಸ್ ಬರ್ಗರ್, ಅವರು ಮನೋವೈದ್ಯ. ಆಲ್ಜೈಮರ್ ಕೂಡ ಮನೋವೈದ್ಯ. ಈಗ ಅವರ ಹೆಸರಿನ ಕಾಯಿಲೆಯವರು ಹೆಚ್ಚಾಗಿ ಕೂರುವುದು ನ್ಯೂರಾಲಜಿಯ ಬೆಂಚಿನ ಮೇಲೆ. ಮಾತಿನ ಚಿಕಿತ್ಸೆಗೆ ಹೆಸರಾದ ಫ್ರಾಯ್ಡ್ ಶುರುವಿನಲ್ಲಿ ನರರೋಗ ತಜ್ಞ, 1885ರಲ್ಲಿ ಪ್ಯಾರಿಸ್ಸಿಗೆ ಹೋಗಿ ನರರೋಗದ ದೊಡ್ಡ ವೈದ್ಯ ಶಾರ್ಕೋ ಹತ್ತಿರ ನೋಡಿದ್ದು ನನ್ನ ಮಗಳಂಥವರನ್ನೇ. ಆಗ ಅದಕ್ಕೆ ಹಿಸ್ಟೀರಿಯಾ ಎಂದು ಹೆಸರು. ಮಾನಸಿಕ ಆಸ್ಪತ್ರೆಗಳಲ್ಲಿ ಹಾಸಿಗೆ ತುಂಬಿದ್ದ ಒಂದು ಬಗೆಯ ಹುಚ್ಚಿನವರ ಮೆದುಳಿನಲ್ಲಿ 1913ರಲ್ಲಿ ಸಿಫಿಲಿಸ್ ರೋಗಾಣು ಕಂಡಿತು, ಮುಂದೆ ಪೆನಿಸಿಲಿನ್ ಬಂದ ಮೇಲೆ ಆ ಹಾಸಿಗೆಗಳೇ ಖಾಲಿಯಾದವು. ಕಾರಣ ಕೈಗೆ ಸಿಕ್ಕಿದ ಕಾಯಿಲೆ ಮನೆ ಬದಲಿಸುತ್ತದೆ. ಸಿಗದವು ಹಳೆಯ ಕಟ್ಟಡದಲ್ಲಿ ಉಳಿಯುತ್ತವೆ ಎಂದು ನಾನು ಮಗಳ ಮನಶ್ಶಾಸ್ತ್ರಜ್ಞನಿಗೆ ಹೇಳಿದೆ. ಧಾರವಾಡ ಕಡೆಯ ಹುಡುಗ, ಮೆಲುಮಾತಿನವನು. ‘ಹಾಗಲ್ಲ ಅಮ್ಮಾ. ನಾಳೆ ಇದಕ್ಕೂ ಮೆದುಳಿನಲ್ಲಿ ಜಾಗ ಸಿಕ್ಕಿತು ಎಂದುಕೊಳ್ಳಿ, ಆಗಲೂ ಯಾರಾದರೂ ಅವಳ ಜೊತೆ ಕೂತು ಮಾತಾಡಲೇಬೇಕಲ್ಲ’ ಎಂದ. ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆಯನ್ನೂ ಸಂಶೋಧನಾ ಸಂಸ್ಥೆಯನ್ನೂ 1974ರಲ್ಲಿ ಒಂದು ಮಾಡಿ ನಿಮ್ಹಾನ್ಸ್ ಎಂದಾಗ ಹೆಸರಿನಲ್ಲೇ ಮನಸ್ಸನ್ನೂ ನರವನ್ನೂ ಸೇರಿಸಿದರು. ನಮ್ಮ ಜನ ಆ ಹೆಸರನ್ನು ಬೈಗುಳ ಮಾಡಿಕೊಂಡಿದ್ದಾರೆ, ಅದು ಬೇರೆ ಮಾತು.

ಚಿಕಿತ್ಸೆಯ ವಿಷಯ. ಫಂಕ್ಷನಲ್ ಸೆಳೆತವನ್ನು ನಿಲ್ಲಿಸುವ ಮಾತ್ರೆ ಇಲ್ಲ ಎಂದು ಮನೋವೈದ್ಯರು ಮೊದಲೇ ಹೇಳಿದರು. ಕಳವಳಕ್ಕೆ ಒಂದು ಸಣ್ಣ ಮಾತ್ರೆ ಆರು ತಿಂಗಳು ಕೊಟ್ಟು ನಿಲ್ಲಿಸಿದರು. ಮುಖ್ಯವಾದದ್ದು ಮನಶ್ಶಾಸ್ತ್ರಜ್ಞನೊಡನೆ ಹನ್ನೆರಡು ಭೇಟಿ, ಒಂದಕ್ಕೆ 300 ರೂಪಾಯಿ. ಅವಳು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಮುಂಚೆ ಏನಾಯಿತೆಂದು ಬರೆದಿಟ್ಟಳು. ಬೆರಳು ಜುಮ್ಮೆನ್ನುವುದು, ಜನರ ಮಾತು ದೂರದಿಂದ ಕೇಳಿದಂತಾಗುವುದು. ಆ ಹೊತ್ತಿಗೆ ಚಪ್ಪಲಿ ಬಿಟ್ಟು ಪಾದವನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಂಡದ್ದನ್ನು ಗಟ್ಟಿಯಾಗಿ ಹೆಸರಿಸಬೇಕು. ನಮ್ಮ ಅಂಗಡಿಯಲ್ಲಿ ಈಗ ಯಾವುದಾದರೂ ಮಧ್ಯಾಹ್ನ ‘ಸ್ಟೇಪ್ಲರ್, ಕತ್ತರಿ, ಗೋಂದು, ಎ4 ಬಂಡಲ್, ಅಮ್ಮ’ ಎಂದು ಕೇಳಿದರೆ ಗಿರಾಕಿಗಳು ದಾಸ್ತಾನು ಲೆಕ್ಕ ಎಂದುಕೊಳ್ಳುತ್ತಾರೆ. ಒಳಗೆ ಅವಳು ಅವನಿಗೆ ಇನ್ನೂ ಏನೇನು ಹೇಳಿದ್ದಾಳೋ ನಾನು ಕೇಳಿಲ್ಲ.

ನನಗೂ ಚೀಟಿ ಬರೆದರು ಎನ್ನಬಹುದು. ಬೀಗದ ಕೈ ಕೊಡಬೇಡಿ, ಅದುಮಿ ಹಿಡಿಯಬೇಡಿ, ಗುಂಪು ಸೇರಿಸಬೇಡಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಸುಮ್ಮನೆ ಪಕ್ಕದಲ್ಲಿರಿ. ಅವಳು ಸ್ನಾನಕ್ಕೆ ಹೋದಾಗ ಬಚ್ಚಲಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಅದನ್ನೂ ಬಿಡಿ ಎಂದರು. ಬೀಗದ ಕೈ ಬಿಡುವುದು ಸುಲಭ, ಸ್ಟೂಲು ಬಿಡಲು ನನಗೆ ಐದು ವಾರ ಬೇಕಾಯಿತು. ಒಂದು ರಾತ್ರಿ ಹನ್ನೊಂದಕ್ಕೆ ನಾನೇ ಸೋತು 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಿದರು, ರೋಗಿ ಯಾರು ಎಂದು ಕೇಳಿದರು. ಗೊತ್ತಾಗಲಿಲ್ಲ, ‘ಮಗಳು’ ಎಂದೆ. ‘ನೀವು ಹೇಗಿದ್ದೀರಿ?’ ಎಂದು ಕೇಳಿದರು.

ಹಳೆಯ ಕಟ್ಟಡದವರಿಗೆ ನಾಲ್ಕು ಅಂಕ. ಒಂದು ಕಳೆದದ್ದು ಯಾಕೆಂದರೆ ವಿದ್ಯಾರ್ಥಿ ವೈದ್ಯರು ಬದಲಾಗುತ್ತಲೇ ಇರುತ್ತಾರೆ, ಪ್ರತಿ ಸಲ ಹೊಸಬರಿಗೆ ಅವಳ ಅಪ್ಪನ ಸಾವಿನಿಂದ ಶುರು ಮಾಡಬೇಕು. ನಾಲ್ಕನೇ ಸಲ ಮಗಳು ಅದನ್ನು ಒಂದು ಪುಟದಲ್ಲಿ ಬರೆದು ನನ್ನ ಕೈಗಿತ್ತು, ‘ಹತ್ತು ಪ್ರತಿ ತೆಗೆ ಅಮ್ಮ’ ಎಂದಳು. ತೆಗೆದೆ.

ಇನ್ನು ಎರಡೂ ಕಟ್ಟಡಗಳ ನಡುವಿನ ವ್ಯವಹಾರ. ಇಲ್ಲಿ ನನಗೆ ಅಂಕ ಕೊಡಲು ಮನಸ್ಸಿಲ್ಲ. ಲೆವೆಟಿರಸಿಟಮನ್ನು ಥಟ್ಟನೆ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು. ಇಳಿಸುವುದು ನ್ಯೂರಾಲಜಿಯವರ ಕೆಲಸ. ಮನೋವೈದ್ಯರೂ ಹೇಳಿದ್ದರು, ಅಲ್ಲಿಯ ನಂಟು ಬಿಡಬೇಡಿ, ಬಿಟ್ಟರೆ ತನ್ನನ್ನು ಕೈಬಿಟ್ಟರು ಎಂದು ಹುಡುಗಿಗೆ ಅನ್ನಿಸುತ್ತದೆ ಎಂದು. ಆದರೆ ಎರಡನೇ ಮಹಡಿಯ ಕಿಟಕಿಯಲ್ಲಿ ‘ನಿಮ್ಮ ಫೈಲು ಮುಗಿದಿದೆ, ನೀವು ಈಗ ಸೈಕಿಯಾಟ್ರಿ ಕೇಸು’ ಎಂದರು. ಅರ್ಧ ದಿನ ಕಾದು, ಆ ವೈದ್ಯೆ ಊಟಕ್ಕೆ ಹೋಗುವಾಗ ಲಿಫ್ಟಿನ ಬಳಿ ಹಿಡಿದು ಕೇಳಿದೆ. ಅವರು ಗೋಡೆಗೆ ಕಾಗದ ಒತ್ತಿಕೊಂಡು ಮೂರು ತಿಂಗಳ ಇಳಿಕೆಯ ಪಟ್ಟಿ ಬರೆದುಕೊಟ್ಟರು. ಹೀಗೆ ಹಿಡಿಯಲು ಗೊತ್ತಿಲ್ಲದವರು ಏನು ಮಾಡುತ್ತಾರೆ? ವಿಮೆಯವರದ್ದು ಇನ್ನೊಂದು ಕಥೆ. ದಾಖಲಾದದ್ದು ನ್ಯೂರಾಲಜಿಗೆ, ಕಾಗದದಲ್ಲಿರುವುದು ಎಫ್, ಆದ್ದರಿಂದ ಹಣ ಇಲ್ಲ ಎಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್, ಮನಸ್ಸಿನ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಕೊಡಬೇಕು ಎನ್ನುತ್ತದೆ. ಆ ಪುಟದ ನಕಲು ತೆಗೆದು, ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕಳಿಸಿದೆ. ಏಳು ವಾರಕ್ಕೆ ಹಣ ಬಂತು. ಆ ಪುಟ ಬೇಕಾದವರು ಅಂಗಡಿಗೆ ಬನ್ನಿ, ದುಡ್ಡು ಬೇಡ.

ಹೋಗುವವರಿಗೆ ಕೆಲವು ಮಾತು. ಸೋಮವಾರ ಹೋಗಬೇಡಿ. ಸೆಳೆತದ ವಿಡಿಯೊ ತೆಗೆದಿಟ್ಟುಕೊಳ್ಳಿ, ಮುಖ ಕಾಣುವಂತೆ, ಮೊದಲಿಂದ ಕೊನೆಯವರೆಗೆ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಸೈಕಿಯಾಟ್ರಿಗೆ ಬರೆದುಕೊಟ್ಟರೆ, ನರದ ಪರೀಕ್ಷೆಯಲ್ಲಿ ಏನು ಕಂಡಿತು, ಏನು ಕಾಣಲಿಲ್ಲ ಎಂದು ಬಾಯಿ ಬಿಟ್ಟು ಕೇಳಿಕೊಂಡೇ ಹೋಗಿ. ಕೆಲವರಿಗೆ ಅಪಸ್ಮಾರವೂ ಇದೂ ಎರಡೂ ಇರುತ್ತವಂತೆ.

ವಾರಕ್ಕೆ ನಾಲ್ಕೈದಿದ್ದದ್ದು ಈಗ ತಿಂಗಳಿಗೊಂದು. ಕಳೆದ ತಿಂಗಳು ಎರಡು ಬಂತು, ಒಂದು ಬಿ.ಕಾಂ. ಪರೀಕ್ಷೆಯ ಹಿಂದಿನ ದಿನ. ಪರೀಕ್ಷೆ ಬರೆದಳು. ಸ್ಕೂಟರನ್ನು ಇನ್ನೂ ಮುಟ್ಟಿಲ್ಲ.

ಮುಂದಿನ ಬುಧವಾರ ಎರಡೂ ಕಡೆ ತಾರೀಖು ಇದೆ. ನ್ಯೂರಾಲಜಿಗೆ ಬೆಳಿಗ್ಗೆ ಒಂಬತ್ತೂವರೆ, ಸೈಕಿಯಾಟ್ರಿಗೆ ಹನ್ನೆರಡು. ನಡುವೆ ಕ್ಯಾಂಟೀನಿನಲ್ಲಿ ಇಡ್ಲಿ ಸಿಗುತ್ತದೆ, ಎರಡಕ್ಕೆ 30 ರೂಪಾಯಿ, ಚಟ್ನಿ ನೀರು, ಸಾಂಬಾರು ಪರವಾಗಿಲ್ಲ. ಹಳದಿ ಕಾರ್ಡು ಈಗ ಫೈಲಿನ ಹೊರಗಿದೆ. ನಾನು ಇಟ್ಟದ್ದಲ್ಲ, ಮಗಳು ಲ್ಯಾಮಿನೇಟ್ ಮಾಡಿಟ್ಟಿದ್ದಾಳೆ, ಮಳೆಗೆ ನೆನೆಯುತ್ತದೆ ಎಂದು.